ಇದ್ದಲು ಗ್ಯಾಸಿನ ಬಸ್ಸಿನಿಂದ ಹಸಿರು ನಂಬರ್ ಪ್ಲೇಟಿನವರೆಗೆ: ಮಲ್ಲೇಶ್ವರದಲ್ಲಿ ನಿಂತು ನೋಡಿದ ಒಂದು ಹಳೇ ಕಥೆ

"ಎಲೆಕ್ಟ್ರಿಕ್ ಕಾರು ತಗೊಳ್ಳಬಹುದಾ?" ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ನಮ್ಮನ್ನು ಕೇಳುವ ಪ್ರಶ್ನೆ ಇದು. ಬೆಂಗಳೂರಲ್ಲಿ ಇದ್ದೀರಿ, ಪತ್ರಿಕೋದ್ಯಮ ಓದಿದ್ದೀರಿ, ನಿಮಗೆ ಗೊತ್ತಿಲ್ಲದೆ ಇರುತ್ತಾ ಅನ್ನೋ ನಂಬಿಕೆ ಅವರದ್ದು. ತಗೊಳ್ಳಿ ಅಥವಾ ಬೇಡ ಅಂತ ಒಂದೇ ಮಾತಲ್ಲಿ ಹೇಳಿದರೆ ಅದು ಅರ್ಧ ಸುಳ್ಳಾಗುತ್ತೆ. ಅದಕ್ಕೇ ಈ ಸಲ ಹಳೇ ಕಥೆಯೊಂದನ್ನು ಹೇಳೋಣ ಅಂದುಕೊಂಡೆವು.

ಪೆಟ್ರೋಲ್ ಇಲ್ಲದೆ ಬಂಡಿ ಓಡಿಸೋದು ಹೊಸ ಸಂಗತಿಯೇನಲ್ಲ. ನಮ್ಮ ನಾಡಿನಲ್ಲೇ ಇದ್ದಲು, ಕಾಕಂಬಿ, ಹೊಂಗೆ ಎಣ್ಣೆ, ಅಡುಗೆ ಗ್ಯಾಸು, ಬ್ಯಾಟರಿ ಎಲ್ಲವೂ ಒಂದಲ್ಲ ಒಂದು ಕಾಲಕ್ಕೆ ಎಂಜಿನ್ ಓಡಿಸಿವೆ. ಸುಮ್ಮನೆ ಪ್ರಯೋಗಕ್ಕೆ ಅಂತಲ್ಲ, ನಿಜವಾಗಿಯೂ ಜನರನ್ನು ಹೊತ್ತು ಓಡಿವೆ. ಹಾಗಿದ್ದ ಮೇಲೆ ಒಂದೊಂದಾಗಿ ಯಾಕೆ ಮೂಲೆ ಸೇರಿದವು? ಅದು ಗೊತ್ತಾದರೆ ಈಗಿನ ಪ್ರಶ್ನೆಗೂ ಒಂದಷ್ಟು ಬೆಳಕು ಸಿಗುತ್ತೆ.

ಕಥೆಯನ್ನು ಮಲ್ಲೇಶ್ವರದಿಂದ ಶುರು ಮಾಡೋದಕ್ಕೆ ಕಾರಣ ಇದೆ. ನಮ್ಮಲ್ಲಿ ಕೆಲವರು ಇಲ್ಲಿಯ ಪಿ.ಜಿ. ರೂಮುಗಳಲ್ಲಿ ಇದ್ದೇವೆ ಅನ್ನೋದು ಸಣ್ಣ ಕಾರಣ. ದೊಡ್ಡ ಕಾರಣ ಈ ಬಡಾವಣೆಯ ಹುಟ್ಟು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದ ಮೇಲೆ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕು ಅಂತ ಬಸವನಗುಡಿಯ ಜೊತೆಜೊತೆಗೆ ಬೆಳೆಸಿದ ಊರಿದು. ಅಗಲ ಸೈಟು, ಮನೆಯ ಸುತ್ತ ಕಾಂಪೌಂಡು, ಹಿಂದೆ ಕನ್ಸರ್ವೆನ್ಸಿ ಓಣಿ. ಒಳ್ಳೇ ಗಾಳಿ ಬೇಕು ಅಂತಲೇ ಕಟ್ಟಿದ್ದು. ಇವತ್ತು ಸಂಪಿಗೆ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ನಿಂತರೆ ಆ ಗಾಳಿ ಏನಾಗಿದೆ ಅಂತ ಮೂಗಿಗೇ ತಿಳಿಯುತ್ತೆ. ಇನ್ನೊಂದು ವಿಷಯ, ಮಲ್ಲೇಶ್ವರದ ಮಗ್ಗುಲಲ್ಲೇ 1909ರಲ್ಲಿ ಹುಟ್ಟಿದ ಟಾಟಾ ಇನ್‌ಸ್ಟಿಟ್ಯೂಟು ಇದೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. ನಮ್ಮ ಕಥೆಯಲ್ಲಿ ಅದು ಎರಡು ಸಲ ಬರುತ್ತೆ.

ಕರೆಂಟು ಮೊದಲು ಬಂತು, ಕರೆಂಟಿನ ಕಾರು ಬರಲಿಲ್ಲ

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ಹುಟ್ಟಿತು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿ.ಮೀ. ದೂರ ತಂತಿ ಎಳೆದು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಕರೆಂಟು ಹುಟ್ಟಿದ ಜಾಗದ ಸುತ್ತಲಿನ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆಯೂ ಬೇಕಾಗುತ್ತೆ.

ಅದೇ ಕಾಲಕ್ಕೆ ಅಮೆರಿಕದ ಪಟ್ಟಣಗಳಲ್ಲಿ ಬ್ಯಾಟರಿ ಕಾರುಗಳು ಬೇಕಾದಷ್ಟು ಓಡುತ್ತಿದ್ದವು. ಪೆಟ್ರೋಲ್ ಕಾರಿಗೆ ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು, ಸ್ವಲ್ಪ ಎಚ್ಚರ ತಪ್ಪಿದರೆ ಕೈ ಮುರಿಯುತ್ತಿತ್ತು. ಬ್ಯಾಟರಿ ಕಾರಿಗೆ ಆ ಗೋಳು ಇರಲಿಲ್ಲ. 1912ರಲ್ಲಿ ಕ್ಯಾಡಿಲಾಕ್ ಕಂಪನಿ ಸೆಲ್ಫ್ ಸ್ಟಾರ್ಟರ್ ಹಾಕಿದ ಕಾರು ತಂದಿತು. ಪೆಟ್ರೋಲೂ ಅಗ್ಗ ಆಗುತ್ತಾ ಹೋಯಿತು. ಬ್ಯಾಟರಿ ಕಾರು ಮೆಲ್ಲಗೆ ಕಣ್ಮರೆಯಾಯಿತು. ತಮಾಷೆ ಏನಂದರೆ ಎಲೆಕ್ಟ್ರಿಕ್ ಕಾರನ್ನು ಹೊಡೆದುಹಾಕಿದ್ದರಲ್ಲಿ ಆ ಸ್ಟಾರ್ಟರಿನ ಒಂದು ಪುಟ್ಟ ಎಲೆಕ್ಟ್ರಿಕ್ ಮೋಟಾರಿಗೂ ದೊಡ್ಡ ಪಾಲಿದೆ. ನಮ್ಮಲ್ಲಿಗೆ ಕಾರು ಬರುವಷ್ಟರಲ್ಲಿ ಪೆಟ್ರೋಲ್ ಗೆದ್ದಾಗಿತ್ತು.

ಇದ್ದಲಿನ ದಿನಗಳು

ನಮಗೆ ಪೆಟ್ರೋಲ್ ಬರುತ್ತಿದ್ದದ್ದು ಹೆಚ್ಚಾಗಿ ಬರ್ಮಾ ಕಡೆಯಿಂದ ಮತ್ತು ಕೊಲ್ಲಿ ಕಡೆಯಿಂದ. ಎರಡನೇ ಮಹಾಯುದ್ಧದಲ್ಲಿ ಹಡಗುಗಳಿಗೆ ದಾರಿ ಕಟ್ಟಿತು, 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂತು. 1942ರಲ್ಲಿ ಜಪಾನಿನ ಸೇನೆ ಬರ್ಮಾಕ್ಕೆ ನುಗ್ಗಿದಾಗ ಬ್ರಿಟಿಷರೇ ಅಲ್ಲಿಯ ಎಣ್ಣೆ ಬಾವಿಗಳನ್ನು ಕೆಡಿಸಿ ಹಿಂದೆ ಬಂದರು. ಬೆಂಗಳೂರಿನಲ್ಲಿ ಊರೊಳಗಿನ ಬಸ್ಸುಗಳಿಗೆ ಅಂತ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 1940ರಲ್ಲಷ್ಟೇ ಶುರುವಾಗಿತ್ತು. ಕೂಪನ್ನಿಗೆ ಸಿಗುವ ಪೆಟ್ರೋಲಿನಲ್ಲಿ ಕಾರಿನವರಿಗೂ ಬಸ್ಸಿನವರಿಗೂ ತಿಂಗಳು ಕಳೆಯೋದು ಕಷ್ಟವಾಯಿತು.

ಆಗ ಬಂದದ್ದು ಇದ್ದಲು ಗ್ಯಾಸು. ನಿಮ್ಮ ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜ ಅಜ್ಜಿ ಇದ್ದರೆ ಕೇಳಿ ನೋಡಿ. ಬಸ್ಸಿನ ಹಿಂದೆ ಡ್ರಮ್ಮಿನ ಹಾಗೆ ಒಂದು ಎತ್ತರದ ಒಲೆ ಕಟ್ಟಿರುತ್ತಿದ್ದರು. ಅದರ ತುಂಬ ಇದ್ದಲು. ಕ್ಲೀನರ್ ಬೆಳಿಗ್ಗೆ ಮೊದಲೇ ಬಂದು ಬೆಂಕಿ ಹಾಕಿ, ಬ್ಲೋಯರಿನ ಹಿಡಿ ತಿರುಗಿಸುತ್ತಾ ನಿಲ್ಲಬೇಕು. ಇದ್ದಲಿಗೆ ಗಾಳಿ ಕಡಿಮೆ ಕೊಟ್ಟು ಉರಿಸಿದರೆ ಅದು ಪೂರ್ತಿ ಸುಡದೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ಗ್ಯಾಸು ಹುಟ್ಟುತ್ತೆ. ಆ ಗ್ಯಾಸನ್ನು ತಣ್ಣಗೆ ಮಾಡಿ, ಬೂದಿ ಸೋಸಿ, ಪೈಪಿನಲ್ಲಿ ಎಂಜಿನ್ನಿಗೆ ಬಿಟ್ಟರೆ ಪೆಟ್ರೋಲಿನ ಬದಲು ಅದೇ ಉರಿಯುತ್ತೆ. ಇದಿಷ್ಟೇ ತಂತ್ರ.

ಓಡುತ್ತಿತ್ತು, ಆದರೆ ಪೆಟ್ರೋಲಿನಲ್ಲಿ ಇದ್ದ ಬಲದಲ್ಲಿ ಸುಮಾರು ಮೂರನೇ ಒಂದು ಭಾಗ ಹೋಗಿಬಿಡುತ್ತಿತ್ತು. ಏರು ಬಂದರೆ ಜನ ಇಳಿಯಬೇಕು, ಕೆಲವು ಸಲ ತಳ್ಳಲೂಬೇಕು. ದಾರಿಯಲ್ಲಿ ನಿಲ್ಲಿಸಿ ಬೂದಿ ಕೆದಕಬೇಕು, ಮತ್ತೆ ಇದ್ದಲು ತುಂಬಬೇಕು. ಕ್ಲೀನರಿನ ಮುಖ, ಬಟ್ಟೆ, ಶ್ವಾಸಕೋಶ ಎಲ್ಲ ಕಪ್ಪು. ಅದಕ್ಕಿಂತ ದೊಡ್ಡ ಅಪಾಯ ಆ ಗ್ಯಾಸೇ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮುಚ್ಚಿದ ಷೆಡ್ಡಿನಲ್ಲಿ ಸೋರಿದರೆ ಮನುಷ್ಯ ನಿದ್ದೆಯಲ್ಲೇ ಹೋಗಿಬಿಡುತ್ತಾನೆ.

ಇನ್ನು ಇದ್ದಲು ಎಲ್ಲಿಂದ? ಮಲ್ಲೇಶ್ವರದ ಸಂಪಿಗೆ ಮರ ಕಡಿದೇನೂ ಮಾಡಲಿಲ್ಲ. ಕಾಡಂಚಿನ ಊರುಗಳಲ್ಲಿ ಗೂಡು ಒಟ್ಟಿ ಮಣ್ಣು ಮೆತ್ತಿ ದಿನಗಟ್ಟಲೆ ಕಾಯ್ದು ಸುಟ್ಟವರು ಬಡ ಕೂಲಿಗಳು. ಮೈಸೂರು ಸಂಸ್ಥಾನದಲ್ಲಿ ಇದ್ದಲಿನ ಕೆಲಸ ಮೊದಲೇ ಇತ್ತು. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಮಲೆನಾಡಿನ ಮರದ ಇದ್ದಲಿನಿಂದಲೇ ಅದಿರು ಕರಗಿಸುತ್ತಿತ್ತು. ಯುದ್ಧದ ಕಾಲದಲ್ಲಿ ಅದರ ಮೇಲೆ ಬಸ್ಸು ಲಾರಿಗಳ ಹಸಿವೂ ಸೇರಿತು. ಯುದ್ಧ ಮುಗಿದು ಪೆಟ್ರೋಲ್ ಮತ್ತೆ ಸಿಗತೊಡಗಿದ ಮೇಲೆ ಒಲೆಗಳನ್ನು ಬಿಚ್ಚಿ ಗುಜರಿಗೆ ಹಾಕಿದರು. ಯಾರೂ ಅತ್ತಿದ್ದು ನಾವು ಕೇಳಿಲ್ಲ.

ಮಂಡ್ಯದ ಕಾಕಂಬಿ

ಅದೇ ಕಾಲದ ಇನ್ನೊಂದು ಇಂಧನ ಇವತ್ತಿನ ಪೆಟ್ರೋಲ್ ಬಂಕಿನಲ್ಲಿ ಮತ್ತೆ ಬಂದಿದೆ. ಕನ್ನಂಬಾಡಿ ನೀರು ಬಂದು ಮಂಡ್ಯದಲ್ಲಿ ಕಬ್ಬು ಬೆಳೆದ ಮೇಲೆ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನಾವೆಲ್ಲ ಮೈಶುಗರ್ ಅಂತೀವಲ್ಲ, ಅದೇ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದನ್ನು ಹುಳಿಸಿ ಬಟ್ಟಿ ಇಳಿಸಿದರೆ ಸ್ಪಿರಿಟ್ಟು. ಅದರಲ್ಲಿರುವ ನೀರನ್ನು ಪೂರ್ತಿ ತೆಗೆದರೆ ಪೆಟ್ರೋಲಿಗೆ ಬೆರೆಸಬಹುದು. ಆಗ ಇದಕ್ಕೆ ಪವರ್ ಆಲ್ಕೋಹಾಲ್ ಅನ್ನುತ್ತಿದ್ದರು. ಯುದ್ಧದ ವರ್ಷಗಳ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಇದನ್ನು ಪೆಟ್ರೋಲಿಗೆ ಬೆರೆಸುವ ಕೆಲಸ ನಡೆದಿತ್ತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಇಡೀ ದೇಶಕ್ಕೆ ಪವರ್ ಆಲ್ಕೋಹಾಲ್ ಕಾಯಿದೆಯೂ ಬಂತು. ಆಮೇಲೆ ಪೆಟ್ರೋಲ್ ಅಗ್ಗವಾಯಿತು, ಸ್ಪಿರಿಟ್ಟಿಗೆ ಬೇರೆ ಕಡೆ ಒಳ್ಳೇ ಗಿರಾಕಿ ಸಿಕ್ಕಿತು, ಕಾಯಿದೆ ಪುಸ್ತಕದಲ್ಲೇ ಉಳಿಯಿತು.

2003ರಲ್ಲಿ ಶೇ 5 ಎಥನಾಲ್ ಬೆರೆಸುವ ಯೋಜನೆಯಾಗಿ ಅದು ಮತ್ತೆ ಎದ್ದಿತು. ಶೇ 20 ಬೆರೆಸಿದ ಪೆಟ್ರೋಲನ್ನು ಪ್ರಧಾನಿಯವರು ದೇಶಕ್ಕೆ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನ ತುಮಕೂರು ರಸ್ತೆಯ ಒಂದು ಸಮಾರಂಭದಲ್ಲಿ. ಇವತ್ತು ನಿಮ್ಮ ಬೈಕಿಗೆ ಹಾಕಿಸುವ ಪೆಟ್ರೋಲ್ ಇದೇ. ಅಂದರೆ ಪರ್ಯಾಯ ಇಂಧನದ ಗಾಡಿ ಬೇಕಾ ಬೇಡವಾ ಅಂತ ನಾವು ಚರ್ಚೆ ಮಾಡುತ್ತಾ ಇರುವಾಗಲೇ ನಾವೆಲ್ಲ ಐದನೇ ಒಂದು ಭಾಗ ಎಥನಾಲಿನ ಮೇಲೆ ಓಡುತ್ತಿದ್ದೇವೆ.

ಇದರಲ್ಲಿ ಒಳ್ಳೇದೂ ಇದೆ, ಕೆಟ್ಟದ್ದೂ ಇದೆ. ಹೊರದೇಶಕ್ಕೆ ಹೋಗುವ ದುಡ್ಡು ಸ್ವಲ್ಪ ಕಾರ್ಖಾನೆಗೂ, ಅಲ್ಲಿಂದ ಕಬ್ಬು ಮತ್ತು ಜೋಳದ ರೈತರಿಗೂ ಬರುತ್ತೆ. ಮುಸುಕಿನ ಜೋಳ ಬೆಳೆಯುವ ದಾವಣಗೆರೆ, ಹಾವೇರಿ ಕಡೆಯವರು ಎಥನಾಲ್ ಕಾರ್ಖಾನೆಗಳ ಬೇಡಿಕೆಯ ಮೇಲೆ ಕಣ್ಣಿಟ್ಟಿರೋದು ಅದಕ್ಕೇ. ಆದರೆ ಎಥನಾಲಿನಲ್ಲಿ ಪೆಟ್ರೋಲಿಗಿರುವ ಶಕ್ತಿಯ ಸುಮಾರು ಮೂರನೇ ಎರಡು ಭಾಗ ಮಾತ್ರ ಇದೆ, ಹಾಗಾಗಿ ಮೈಲೇಜು ಸ್ವಲ್ಪ ಇಳಿದೇ ಇಳಿಯುತ್ತೆ. ಅದು ತೇವ ಹೀರುತ್ತೆ, ಹಳೇ ಗಾಡಿಗಳ ರಬ್ಬರ್ ಪೈಪಿಗೆ ಒಗ್ಗಲ್ಲ. ತಿಂಗಳುಗಟ್ಟಲೆ ನಿಲ್ಲಿಸಿದ ಹಳೇ ಬೈಕು ಇದ್ದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಇಡಬೇಡಿ. ಇನ್ನು ಮಳೆಯ ವಿಷಯ. 2023ರಲ್ಲಿ ಬರ ಬಂದಾಗ, ಸಕ್ಕರೆ ಕಡಿಮೆ ಬೀಳುತ್ತೆ ಅಂತ ಕಬ್ಬಿನ ಹಾಲಿನಿಂದ ಎಥನಾಲ್ ಮಾಡೋದಕ್ಕೆ ಕೇಂದ್ರ ಸರ್ಕಾರವೇ ಡಿಸೆಂಬರಿನಲ್ಲಿ ತಡೆ ಹಾಕಿತು. ಮಳೆ ಕೈಕೊಟ್ಟ ವರ್ಷ ತಟ್ಟೆಗೂ ಟ್ಯಾಂಕಿಗೂ ಜಗಳ ಬರೋದು ತಪ್ಪಿದ್ದಲ್ಲ.

ಟಾಟಾ ಇನ್‌ಸ್ಟಿಟ್ಯೂಟಿನ ಗೋಡೆಯಾಚೆ

1973ರಲ್ಲಿ ಅರಬ್ ದೇಶಗಳು ಎಣ್ಣೆ ಕೊಡೋದನ್ನು ಬಿಗಿ ಮಾಡಿದಾಗ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ಮರುವರ್ಷ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಮತ್ತು ಜೊತೆಗಾರರು 'ಅಸ್ತ್ರ' ಅನ್ನೋ ಗುಂಪು ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕೋದು ಅದರ ಕೆಲಸ. ಸೌದೆಯಿಂದ ಗ್ಯಾಸು ಮಾಡುವ, ಅಂದರೆ ಹೆಚ್ಚು ಕಡಿಮೆ ಯುದ್ಧಕಾಲದ ಆ ಬಸ್ಸಿನ ಒಲೆಯನ್ನೇ ತಿದ್ದಿ ತೀಡಿದ ಗ್ಯಾಸಿಫೈಯರನ್ನು ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಇಟ್ಟರು. ಕರೆಂಟು ಕಾಣದ ಊರಿನಲ್ಲಿ ದೀಪ ಹತ್ತಿತು, ಕುಡಿಯುವ ನೀರು ಪಂಪಾಯಿತು. ಕಾರಿಗೆ ಹೊರೆ ಅನ್ನಿಸಿದ ತಂತ್ರ ಊರಿಗೆ ಸರಿಹೊಂದಿತು, ಯಾಕಂದರೆ ಅದು ಅಲ್ಲಿ ಓಡಾಡಬೇಕಿರಲಿಲ್ಲ, ನಿಂತಲ್ಲೇ ನಿಲ್ಲಬಹುದಿತ್ತು.

ಅದೇ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು 1990ರ ದಶಕದಲ್ಲಿ ಹೊಂಗೆ ಎಣ್ಣೆಯ ಹಿಂದೆ ಬಿದ್ದರು. ಹೊಂಗೆ ಎಣ್ಣೆ ನಮ್ಮ ಹಿರಿಯರಿಗೆ ದೀಪದ ಎಣ್ಣೆ, ಹಿಂಡಿ ತೋಟಕ್ಕೆ ಗೊಬ್ಬರ, ಹೊಂಗೆಯ ನೆರಳಂತೂ ಕೇಳಲೇಬೇಡಿ. ಅದನ್ನೇ ಡೀಸೆಲ್ ಎಂಜಿನ್ನಿಗೆ ಹಾಕಿ ಜನರೇಟರ್ ಓಡಿಸಿ ನೀರೆತ್ತಬಹುದು ಅಂತ ಅವರು ಮಾಡಿ ತೋರಿಸಿದರು. ಡೀಸೆಲ್ ಎಂಜಿನ್ನಿಗೂ ಸಸ್ಯದ ಎಣ್ಣೆಗೂ ಹಳೇ ನಂಟಿದೆ. 1900ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿದ್ದರು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದಾಗ ಇದನ್ನು ಯಾರಿಗಾದರೂ ಹೇಳಿ, ನಂಬೋದಿಲ್ಲ.

ಹೊಂಗೆ ಎಣ್ಣೆ ಮಂದ. ಹಾಗೇ ಹಾಕಿದರೆ ಕಾಲಕ್ರಮೇಣ ನಾಝಲ್ ಕಟ್ಟುತ್ತೆ. ಅದಕ್ಕೇ ಮೆಥನಾಲ್ ಮತ್ತು ಕ್ಷಾರ ಸೇರಿಸಿ ಗ್ಲಿಸರಿನ್ ಬೇರೆ ಮಾಡಿ ಬಯೋಡೀಸೆಲ್ ಮಾಡುತ್ತಾರೆ. ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲೂ ಬಯೋಡೀಸೆಲ್ ಬೆರೆಸಿ ಓಡಿಸಿ ನೋಡಿದ್ದಾಯಿತು. 2009ರಲ್ಲಿ ರಾಜ್ಯ ಸರ್ಕಾರ ಜೈವಿಕ ಇಂಧನ ನೀತಿಯನ್ನೇ ತಂದಿತು. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕು ಇದೆ, ಹಾಸನ ಕಡೆಯವರು ನೋಡಿರಬಹುದು. ಬದುಗಳಲ್ಲಿ ಹೊಂಗೆ, ಬೇವು, ಹಿಪ್ಪೆ ನೆಡಿ ಅಂತ ಸಸಿ ಹಂಚಿದರು.

ಯಾಕೆ ಮೇಲೇಳಲಿಲ್ಲ? ಎಂಜಿನ್ನಿನ ತಪ್ಪಲ್ಲ. ಹೊಂಗೆ ಕಾಯಿ ಬೀಳೋದು ಬಿರುಬಿಸಿಲಿನಲ್ಲಿ. ಅದನ್ನು ಆಯಬೇಕು, ಸಿಪ್ಪೆ ಒಡೆಯಬೇಕು, ಬೀಜ ಒಣಗಿಸಿ ಸಾಗಿಸಬೇಕು. ಇದನ್ನು ಮಾಡುವವರು ಹೆಚ್ಚಾಗಿ ಹೆಂಗಸರು. ಕೆ.ಜಿ.ಗೆ ಸಿಗುವ ದುಡ್ಡು ಅರ್ಧ ದಿನದ ಕೂಲಿಗೂ ಸಮ ಆಗದಿದ್ದರೆ ಯಾರು ಬಗ್ಗಿ ಆಯುತ್ತಾರೆ? ಬೀಜಕ್ಕೆ ಒಳ್ಳೇ ಬೆಲೆ ಕೊಟ್ಟರೆ ಎಣ್ಣೆ ಡೀಸೆಲ್ಲಿಗಿಂತ ದುಬಾರಿ, ಎಣ್ಣೆ ಅಗ್ಗ ಮಾಡಿದರೆ ಆಯುವವರಿಗೆ ಮೋಸ. ಇದೇ ಹೊತ್ತಿಗೆ ಜಟ್ರೋಫಾ, ಅಂದರೆ ಕಾಡುಹರಳು, ಬರಡು ನೆಲದಲ್ಲೂ ಬಂಗಾರ ಬೆಳೆಯುತ್ತೆ ಅಂತ ದೇಶದ ತುಂಬ ಪ್ರಚಾರ ಆಯಿತು. ನೀರು ಗೊಬ್ಬರ ಇಲ್ಲದ ಕಡೆ ಅದು ಹೇಳಿದಷ್ಟು ಬೀಜ ಬಿಡಲೇ ಇಲ್ಲ. ನಂಬಿ ಹೊಲಕ್ಕೆ ಹಾಕಿದವರು ಕಿತ್ತುಹಾಕಿದರು. ಹೊಂಗೆಯ ಬಗ್ಗೆ ನಮಗೆ ಇನ್ನೂ ಒಲವಿದೆ. ಕಾರು ಓಡಿಸೋದಕ್ಕಲ್ಲ, ಊರಿನ ಗಾಣ, ಊರಿನ ಪಂಪು, ಊರಿನ ತೋಟ, ಇಷ್ಟರೊಳಗೇ ಸುತ್ತಿದರೆ ಅದು ಲೆಕ್ಕಕ್ಕೆ ಬರುತ್ತೆ ಅನ್ನೋದು ನಮ್ಮ ಅಭಿಪ್ರಾಯ.

ಗ್ಯಾಸಿನ ಬಗ್ಗೆ ಹೆಚ್ಚು ಹೇಳೋದಿಲ್ಲ. ಅಡುಗೆ ಸಿಲಿಂಡರನ್ನು ಕದ್ದುಮುಚ್ಚಿ ಓಮ್ನಿಗೆ ಸಿಕ್ಕಿಸುತ್ತಿದ್ದ ಕಾಲ ನಿಮಗೂ ಗೊತ್ತು, ಅದರಿಂದ ಆದ ಬೆಂಕಿ ಅನಾಹುತಗಳೂ ಗೊತ್ತು. 2000ದಲ್ಲಿ ಕಾನೂನು ತಿದ್ದಿ ಎಲ್‌ಪಿಜಿ ಕಿಟ್ಟಿಗೆ ಅನುಮತಿ ಬಂದ ಮೇಲೆ ಬೆಂಗಳೂರಿನ ಆಟೋಗಳು ಗ್ಯಾಸಿಗೆ ಬದಲಾದವು. ಟೂ ಸ್ಟ್ರೋಕ್ ಆಟೋದ ಆ ನೀಲಿ ಹೊಗೆ ಕಡಿಮೆಯಾಯಿತು. ಇದೊಂದು ನಿಜವಾದ ಗೆಲುವು, ಆದರೆ ಇದನ್ನು ಯಾರೂ ಹಾಡಿ ಹೊಗಳಲಿಲ್ಲ.

ರೇವಾ: ಬೊಮ್ಮಸಂದ್ರದ ಪುಟ್ಟ ಕಾರು

ಈಗ ಬೆಂಗಳೂರಿನದೇ ಎಲೆಕ್ಟ್ರಿಕ್ ಕಾರಿಗೆ ಬರೋಣ. ಚೇತನ್ ಮೈನಿ ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವಾಗ ಮಿಷಿಗನ್ ವಿಶ್ವವಿದ್ಯಾಲಯದ ಸೋಲಾರ್ ಕಾರು ತಂಡದಲ್ಲಿದ್ದರು. 1994ರಲ್ಲಿ ಮೈನಿ ಕುಟುಂಬ ಅಮೆರಿಕದ ಅಮೆರಿಗಾನ್ ಕಂಪನಿಯ ಜೊತೆ ಸೇರಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ಶುರು ಮಾಡಿತು. 2001ರಲ್ಲಿ ಬೊಮ್ಮಸಂದ್ರದಿಂದ ಕಾರು ಹೊರಬಂತು. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಎರಡು ಮಕ್ಕಳು. ಗೇರಿಲ್ಲ, ಕ್ಲಚ್ಚಿಲ್ಲ. ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ. ನಿಮ್ಮ ಮನೆಯ ಯುಪಿಎಸ್ಸಿಗೆ ಇರುತ್ತಲ್ಲ, ಡಿಸ್ಟಿಲ್ಡ್ ವಾಟರ್ ಹಾಕುವ ಬ್ಯಾಟರಿ, ಅದರ ಜಾತಿಯದೇ. 15 ಆಂಪ್ ಪ್ಲಗ್ಗಿಗೆ ರಾತ್ರಿಯೆಲ್ಲ ಹಾಕಿದರೆ ಸುಮಾರು 80 ಕಿ.ಮೀ. ಹೋಗಬಹುದು ಅನ್ನೋದು ಕಂಪನಿಯ ಮಾತು.

ಮಲ್ಲೇಶ್ವರದ ಹಳೇ ಮನೆಗಳಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಪೋರ್ಟಿಕೊ ಇದೆ, ಅಲ್ಲೇ ಪ್ಲಗ್ ಪಾಯಿಂಟ್ ಇದೆ. ಹೋಗಬೇಕಾದ್ದು ಎಂಟನೇ ಕ್ರಾಸಿನ ಮಾರ್ಕೆಟ್ಟಿಗೆ, ಕಾಡು ಮಲ್ಲೇಶ್ವರನ ದೇವಸ್ಥಾನಕ್ಕೆ, ಹೆಚ್ಚೆಂದರೆ ಜಯನಗರದ ನೆಂಟರ ಮನೆಗೆ. ಅದಕ್ಕೆ 80 ಕಿ.ಮೀ. ಧಾರಾಳ. ಕನ್ಸರ್ವೆನ್ಸಿ ಓಣಿಯಲ್ಲೂ ಸಲೀಸಾಗಿ ತಿರುಗುತ್ತಿತ್ತು.

ಈ ಕಾರಿಗೆ ಹೆಚ್ಚು ಹೆಸರು ಬಂದದ್ದು ಲಂಡನ್ನಿನಲ್ಲಿ. ಅಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಮಾರಿದರು. ಲಂಡನ್ನಿನ ನಡುಭಾಗಕ್ಕೆ ಕಾರು ತಂದರೆ ದಿನಕ್ಕಿಷ್ಟು ಅಂತ 2003ರಿಂದ ಶುಲ್ಕ ಹಾಕಿದ್ದರು, ಎಲೆಕ್ಟ್ರಿಕ್ಕಿಗೆ ಅದು ಮಾಫಿ. ದಿನದ ಶುಲ್ಕ ಉಳಿಯುತ್ತೆ ಅಂತ ಜನ ಕೊಂಡರು. ಬೆಂಗಳೂರಿನಲ್ಲಿ ಅಂಥ ಲಾಭ ಏನೂ ಇರಲಿಲ್ಲ. ಆ ಬೆಲೆಗೆ ಐದು ಜನ ಕೂರುವ ಪೆಟ್ರೋಲ್ ಕಾರು ಸಿಗುತ್ತಿತ್ತು. ಇನ್ನೊಂದು ಮಾತೂ ಹೇಳಬೇಕು. ಇಂಗ್ಲೆಂಡಿನಲ್ಲಿ ರೇವಾವನ್ನು ಪೂರ್ತಿ ಕಾರು ಅಂತ ಅಲ್ಲ, ಕ್ವಾಡ್ರಿಸೈಕಲ್ ಅನ್ನೋ ಹಗುರ ವರ್ಗದಲ್ಲಿ ನೋಂದಣಿ ಮಾಡುತ್ತಿದ್ದರು. 2007ರ ಡಿಕ್ಕಿ ಪರೀಕ್ಷೆಯೊಂದರಲ್ಲಿ ಅದು ಕೆಟ್ಟದಾಗಿ ನುಜ್ಜಾದ ಸುದ್ದಿ ದೊಡ್ಡದಾಯಿತು.

ಆದರೆ ಇಟ್ಟುಕೊಂಡವರಿಗೆ ಕಾಡಿದ್ದು ಡಿಕ್ಕಿಯಲ್ಲ, ಬ್ಯಾಟರಿ. ಲೆಡ್ ಬ್ಯಾಟರಿ ಮೂರು ನಾಲ್ಕು ವರ್ಷಕ್ಕೆ ಸೋಲುತ್ತಿತ್ತು. 80 ಕಿ.ಮೀ. ಅನ್ನೋದು 60 ಆಗಿ, 40 ಆಗಿ, ಕೊನೆಗೆ ಎಲ್ಲಿ ನಿಲ್ಲುತ್ತೋ ಅನ್ನೋ ಭಯ. ಎಂಟೂ ಬದಲಾಯಿಸಬೇಕು ಅಂದರೆ ಒಂದೇ ಸಲಕ್ಕೆ ದೊಡ್ಡ ಗಂಟು ಬಿಚ್ಚಬೇಕು. ದಿನಾ ಪೆಟ್ರೋಲಿನಲ್ಲಿ ಉಳಿಸಿದ್ದೇವೆ ಅಂದುಕೊಂಡದ್ದು ಆ ದಿನ ಒಟ್ಟಿಗೆ ಲೆಕ್ಕಕ್ಕೆ ಬರುತ್ತಿತ್ತು. 2010ರಲ್ಲಿ ಮಹೀಂದ್ರಾ ಕಂಪನಿ ರೇವಾದ ಹೆಚ್ಚಿನ ಪಾಲು ಕೊಂಡಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಓ ಬಂತು, ಕೆಲವು ವರ್ಷದಲ್ಲಿ ಅದೂ ನಿಂತಿತು. ಎಲ್ಲ ದೇಶ ಸೇರಿ ಮಾರಾಟವಾದ ರೇವಾಗಳು ಕೆಲವೇ ಸಾವಿರ. ಅದನ್ನು ಸೋಲು ಅನ್ನೋದಕ್ಕೆ ನಮಗೆ ಮನಸ್ಸು ಬರಲ್ಲ. ದೇಶದಲ್ಲಿ ಯಾರೂ ಕೈಹಾಕದ ಹೊತ್ತಿಗೆ ಹಾಕಿದ ಕೈ ಅದು. 2017ರಲ್ಲಿ ಎಲ್ಲ ರಾಜ್ಯಗಳಿಗಿಂತ ಮೊದಲು ಕರ್ನಾಟಕ ಎಲೆಕ್ಟ್ರಿಕ್ ವಾಹನ ನೀತಿ ತಂದಾಗ ಬೆಂಗಳೂರಿನಲ್ಲಿ ಈ ಕೆಲಸ ಬಲ್ಲ ಎಂಜಿನಿಯರುಗಳ ಒಂದು ಪೀಳಿಗೆಯೇ ಇತ್ತು.

ಈಗಿನ ಲೆಕ್ಕ

ಇವತ್ತಿನ ಲಿಥಿಯಂ ಬ್ಯಾಟರಿಗೆ ನೀರು ಹಾಕಬೇಕಿಲ್ಲ. ಎಂಟು ವರ್ಷ ಅಥವಾ 1,60,000 ಕಿ.ಮೀ. ಗ್ಯಾರಂಟಿ ಕೊಡುವ ಕಂಪನಿಗಳಿವೆ. ರೇವಾ ಕಾಲದ ದೊಡ್ಡ ಮುಳ್ಳು ಅರ್ಧ ಹೊರಬಂದಿದೆ. ಅರ್ಧ ಮಾತ್ರ.

ಒಂದು ಸರಳ ಲೆಕ್ಕ ಮಾಡೋಣ. ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್ಟಿಗೆ ಆರೇಳು ಕಿ.ಮೀ. ಹೋಗುತ್ತೆ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಸುಮಾರು 150 ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಅಂತಿಟ್ಟರೂ 1,050 ರೂಪಾಯಿ. ಅಷ್ಟೇ ದೂರಕ್ಕೆ ಲೀಟರಿಗೆ 17 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, ಲೀಟರಿಗೆ 100 ರೂಪಾಯಿ ಹಿಡಿದರೆ, ಸುಮಾರು 5,900. ತಿಂಗಳಿಗೆ 4,800ಕ್ಕೂ ಹೆಚ್ಚು ಉಳಿತಾಯ. ಎಲೆಕ್ಟ್ರಿಕ್ ಕಾರಿಗೆ ಮೊದಲೇ ಮೂರು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ತೀರೋದಕ್ಕೆ ಐದು ವರ್ಷದ ಮೇಲೆ ಬೇಕು. ನೀವು ತಿಂಗಳಿಗೆ 300 ಕಿ.ಮೀ. ಮಾತ್ರ ಓಡಿಸುವವರಾದರೆ? ಹದಿನೇಳು ವರ್ಷ. ಅಷ್ಟು ಹೊತ್ತಿಗೆ ಬ್ಯಾಟರಿಯ ಗ್ಯಾರಂಟಿ ಎರಡು ಸಲ ಮುಗಿದಿರುತ್ತೆ. ಹಬ್ಬಕ್ಕೆ, ಮದುವೆಗೆ, ಆಸ್ಪತ್ರೆಗೆ ಅಂತ ಕಾರು ತೆಗೆಯುವ ಹಳ್ಳಿಯ ಮನೆಗೆ ಈ ಕಾರಿನಿಂದ ದುಡ್ಡು ಉಳಿಯಲ್ಲ. ದಿನಾ ಬಾಡಿಗೆಗೆ ಓಡಿಸುವವನಿಗೆ ಉಳಿಯುತ್ತೆ.

ಇನ್ನೊಂದು ವಿಷಯ ಕಾರು ಮಾರುವವರು ಹೇಳಲ್ಲ. ಗೃಹಜ್ಯೋತಿಯಲ್ಲಿ ನಿಮ್ಮ ಹಳೇ ಸರಾಸರಿಗೆ ಶೇ 10 ಸೇರಿಸಿದಷ್ಟು ಮಾತ್ರ ಉಚಿತ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 60 ಯೂನಿಟ್ ಬಳಸುವ ಮನೆಗೆ ಕಾರಿನ 150 ಸೇರಿದರೆ 210. ಮನೆಯ ಉಚಿತ ಕರೆಂಟೂ ಹೋಯಿತು! ಸ್ಕೂಟರಿಗೆ ಈ ಭಯ ಕಡಿಮೆ, ಪೂರ್ತಿ ಚಾರ್ಜಿಗೆ ಮೂರ್ನಾಲ್ಕು ಯೂನಿಟ್ ಸಾಕು. ಪಂಪ್‌ಸೆಟ್ ಲೈನಿಗೆ ಸಿಕ್ಕಿಸೋಣ ಅಂತ ಯೋಚನೆ ಬಂದರೆ ಬಿಟ್ಟುಬಿಡಿ, ಅದು ನಿಯಮಕ್ಕೂ ವಿರುದ್ಧ, ವೋಲ್ಟೇಜ್ ಏರಿಳಿತದಲ್ಲಿ ಚಾರ್ಜರಿಗೂ ಅಪಾಯ. ಮನೆಯಲ್ಲಿ ಅರ್ಥಿಂಗ್ ಸರಿ ಇದೆಯಾ ಅಂತ ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿ.

ಮಲ್ಲೇಶ್ವರದಲ್ಲೂ ಎಲ್ಲರಿಗೂ ಸುಲಭ ಇಲ್ಲ. ಪೋರ್ಟಿಕೊ ಇದ್ದ ಮನೆಗಳು ಒಡೆದು ಅಪಾರ್ಟ್‌ಮೆಂಟ್ ಆಗಿವೆ. ನಾಲ್ಕನೇ ಮಹಡಿಯ ಬಾಡಿಗೆದಾರ ಎಲ್ಲಿಗೆ ವೈರ್ ಎಳೆಯಬೇಕು? ಈ ವಿಷಯದಲ್ಲಿ ಅಂಗಳ ಇರುವ ಹಳ್ಳಿಯ ಮನೆಯೇ ವಾಸಿ. ಆದರೆ ಕೆಟ್ಟರೆ ರಿಪೇರಿಗೆ ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಎಳೆಸಿಕೊಂಡು ಬರಬೇಕು.

ಇನ್ನು ಹೊಗೆ. ಕಾರಿನಲ್ಲಿ ಹೊಗೆ ಇಲ್ಲ ಅನ್ನೋದು ನಿಜ, ಸಂಪಿಗೆ ರಸ್ತೆಯ ಮಗುವಿನ ಮೂಗಿಗೆ ಅದು ದೊಡ್ಡ ಉಪಕಾರ. ಆದರೆ ಕಾರು ಚಾರ್ಜಾಗೋದು ಹೆಚ್ಚಾಗಿ ರಾತ್ರಿ, ಸೋಲಾರ್ ಕರೆಂಟು ಇರೋದು ಹಗಲು. ರಾತ್ರಿಯ ಕರೆಂಟಿನಲ್ಲಿ ರಾಯಚೂರಿನ ಶಕ್ತಿನಗರದ, ಬಳ್ಳಾರಿಯ ಕುಡಿತಿನಿಯ ಕಲ್ಲಿದ್ದಲು ಇರುತ್ತೆ. ಅಲ್ಲಿಯ ಹಾರುಬೂದಿ ಬೀಳೋದು ಅಲ್ಲಿಯವರ ಹೊಲದ ಮೇಲೆ. ಹಗಲಿನ ಕರೆಂಟಿನ ಒಂದು ಪಾಲು ಪಾವಗಡದ್ದು, ಸುಮಾರು 13,000 ಎಕರೆ, 2,050 ಮೆಗಾವಾಟ್. ಅಲ್ಲಿ ಭೂಮಿಯನ್ನು ರೈತರಿಂದ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರದ ನೆಲದವರಿಗೆ ಅದು ಆಸರೆ, ಒಪ್ಪುತ್ತೇವೆ. ಆದರೆ ಭೂಮಿಯೇ ಇಲ್ಲದ ಕೂಲಿಯವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಯಾರು ಕೊಡುತ್ತಾರೆ? ಅವರ ಕೆಲಸವೂ ಹೋಯಿತು, ಹುಲ್ಲುಗಾವಲೂ ಬೇಲಿಯೊಳಗೆ ಸೇರಿತು.

ಹಗಲಿನ ಸೋಲಾರನ್ನು ರಾತ್ರಿಗೆ ಉಳಿಸೋದಕ್ಕೆ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಮುಂದಿಟ್ಟಿದ್ದಾರೆ. ಕೆಳಗಿನ ಗೇರುಸೊಪ್ಪೆಯಿಂದ ಮೇಲಿನ ತಲಕಳಲೆಗೆ ನೀರು ಎತ್ತಿ, ಬೇಕಾದಾಗ ಬಿಡೋದು. ಅದು ಸಿಂಗಳೀಕದ ಕಾಡು. 1964ರಲ್ಲಿ ಲಿಂಗನಮಕ್ಕಿಗೆ ಮನೆ ಮಠ ಬಿಟ್ಟುಕೊಟ್ಟವರ ಮಕ್ಕಳು ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದಾರೆ. ಅಲ್ಲಿಯ ವಿರೋಧವನ್ನು ಅಭಿವೃದ್ಧಿ ವಿರೋಧ ಅಂತ ತಳ್ಳಿಹಾಕೋದು ಸರಿಯಲ್ಲ ಅನ್ನೋದು ನಮ್ಮ ನಿಲುವು.

ಮಂಡ್ಯ ಇಲ್ಲೂ ಬರುತ್ತೆ. ಅಲ್ಲಿಯ ಮಾರ್ಲಗಲ್ಲ ಸುತ್ತ ಲಿಥಿಯಂ ಸಿಕ್ಕಿದೆ ಅಂತ ಸುದ್ದಿಯಾದಾಗ 14,100 ಟನ್ ಅಂದಿದ್ದರು. 2021ರಲ್ಲಿ ಸರ್ಕಾರಿ ಅಂದಾಜು 1,600 ಟನ್ನಿಗೆ ಇಳಿಯಿತು. ಅದರಿಂದ ದೇಶದ ಬ್ಯಾಟರಿ ಹಸಿವು ತೀರಲ್ಲ, ಇನ್ನೂ ಬಹುಕಾಲ ಚೀನಾದ ಕಡೆ ನೋಡಬೇಕು. ಹಳೇ ಬ್ಯಾಟರಿಯಿಂದ ಲೋಹ ತೆಗೆದು ಮತ್ತೆ ಬಳಸುವ ಹೊಣೆ ತಯಾರಕರದ್ದು ಅಂತ 2022ರಲ್ಲಿ ನಿಯಮ ಬಂದಿದೆ. ಹಾಗಾಗಿ ಹಳೇ ಲಿಥಿಯಂ ಬ್ಯಾಟರಿಯನ್ನು ತೂಕಕ್ಕೆ ಗುಜರಿಯವನಿಗೆ ಕೊಡಬೇಡಿ, ಬಿಚ್ಚೋದಕ್ಕಂತೂ ಹೋಗಲೇಬೇಡಿ. ಕೊಂಡ ಅಂಗಡಿಗೆ ವಾಪಸ್ ಕೊಡಿ, ರಸೀದಿ ಕೇಳಿ.

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಾಡಿ ಅಗ್ಗಕ್ಕೆ ಸಿಗುತ್ತೆ ಅಂತ ಬೆಂಗಳೂರಿನಿಂದ ತರುವವರು ಈಚೆಗೆ ಹೆಚ್ಚಾಗಿದ್ದಾರೆ. ರೇವಾ ಕಥೆ ಅವರಿಗಾಗಿಯೇ ಹೇಳಿದ್ದು. ಓಡಿದ ಕಿ.ಮೀ. ನೋಡಿ ಮರುಳಾಗಬೇಡಿ, ಬ್ಯಾಟರಿಯಲ್ಲಿ ಎಷ್ಟು ಜೀವ ಉಳಿದಿದೆ ಅನ್ನೋ ಸರ್ವಿಸ್ ಸೆಂಟರಿನ ಚೀಟಿ ಕೇಳಿ. ಗ್ಯಾರಂಟಿ ನಿಮ್ಮ ಹೆಸರಿಗೆ ಬರುತ್ತಾ, ಆ ಮಾಡೆಲ್ ಇನ್ನೂ ತಯಾರಾಗುತ್ತಿದೆಯಾ ಅಂತ ವಿಚಾರಿಸಿ.

ನಮ್ಮನ್ನು ಕೇಳಿದರೆ ಕಾರಿಗಿಂತ ಮೊದಲು ಬರಬೇಕಾದ್ದು ಬಸ್ಸು. ದಿನಾ ಗೊತ್ತಾದ ದಾರಿಯಲ್ಲೇ ಓಡುತ್ತೆ, ರಾತ್ರಿ ಗೊತ್ತಾದ ಡಿಪೋದಲ್ಲೇ ನಿಲ್ಲುತ್ತೆ, ಒಂದು ಬ್ಯಾಟರಿಯ ಖರ್ಚು ದಿನಕ್ಕೆ ನೂರಾರು ಜನರ ಮೇಲೆ ಹಂಚಿಹೋಗುತ್ತೆ. ಬಿಎಂಟಿಸಿ 2014ರಲ್ಲಿ ಮೂರು ತಿಂಗಳು ಒಂದು ಎಲೆಕ್ಟ್ರಿಕ್ ಬಸ್ಸನ್ನು ಓಡಿಸಿ ನೋಡಿತು, ದೇಶದಲ್ಲೇ ಅದು ಮೊದಲು. ಈಗ ಅಂಥ ನೂರಾರು ಬಸ್ಸು ಬೆಂಗಳೂರಿನಲ್ಲಿವೆ. 2023ರಿಂದ ಕೆಎಸ್‌ಆರ್‌ಟಿಸಿಯ ಎಲೆಕ್ಟ್ರಿಕ್ ಬಸ್ಸುಗಳು ಬೆಂಗಳೂರಿನಿಂದ ಮೈಸೂರು, ಮಡಿಕೇರಿ, ಶಿವಮೊಗ್ಗ, ದಾವಣಗೆರೆ, ಚಿಕ್ಕಮಗಳೂರಿಗೂ ಓಡುತ್ತಿವೆ. ಎಲ್ಲ ಎ.ಸಿ. ಬಸ್ಸು, ಟಿಕೆಟ್ಟೂ ಅದಕ್ಕೆ ತಕ್ಕ ಹಾಗೆ, ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಅದರಲ್ಲಿಲ್ಲ. ತಾಲ್ಲೂಕಿನಿಂದ ಹೋಬಳಿಗೆ, ಹೋಬಳಿಯಿಂದ ನಮ್ಮೂರಿಗೆ ಬರುವ ಕೆಂಪು ಬಸ್ಸು ಮಾತ್ರ ಇನ್ನೂ ಡೀಸೆಲ್ಲಿನದೇ.